ಕಿರಣವೃಷ್ಟಿಯ ಲೆಕ್ಕ ಬರೆದ ಹೋಮಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅವರ ಹೆಸರನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಆ ಹೆಸರಿನೊಡನೆ ನಮಗೆ ನೆನಪಾಗುವುದು ಅಣುಶಕ್ತಿ, ಟ್ರಾಂಬೆಯ ಸಂಶೋಧನ ಕೇಂದ್ರ, ಆಲ್ಪ್ಸ್ ಪರ್ವತದಲ್ಲಿ ನಡೆದ ವಿಮಾನದ ದುರಂತ. ಶಾಲೆಯ ಪುಸ್ತಕಗಳಲ್ಲಿ ನಾವು ಓದಿದುದೂ ಅಷ್ಟೆ. ಆದರೆ ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇನ್ನೊಬ್ಬ ಭಾಭಾ ಅವರ ಕಥೆ. ಇಪ್ಪತ್ತೇಳು ವರ್ಷದ ತರುಣನಾಗಿದ್ದಾಗ, ಯಾರಿಗೂ ಯಾವ ಉಪಯೋಗವೂ ಕಾಣದಿದ್ದ ಒಂದು ಲೆಕ್ಕವನ್ನು ಮಾಡಿಟ್ಟ ಭಾಭಾ ಅವರ ಕಥೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ ಓದುವ ಬಿ.ಎ. ತರಗತಿಯವ. ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದುದು ಒಂದು ಸುದ್ದಿಯಿಂದ. ೨೦೨೪ನೆಯ ಇಸವಿ ಅಕ್ಟೋಬರ್ ೪ರಂದು ಲಡಾಖಿನ ಹಾನ್ಲೆ ಎಂಬ ಸ್ಥಳದಲ್ಲಿ ‘ಮೇಸ್’ ಎಂಬ ಹೆಸರಿನ ಒಂದು ದೂರದರ್ಶಕದ ಉದ್ಘಾಟನೆಯಾಯಿತು. ಸಮುದ್ರಮಟ್ಟದಿಂದ ಸುಮಾರು ೪,೩೦೦ ಮೀಟರು ಎತ್ತರದಲ್ಲಿ ನಿಂತಿರುವ ಈ ಯಂತ್ರದ ಕನ್ನಡಿಯ ಅಗಲವೇ ೨೧ ಮೀಟರು. ಇದನ್ನು ಕಟ್ಟಿದುದು ಭಾಭಾ ಅವರ ಹೆಸರನ್ನೇ ಹೊತ್ತ ಅಣು ಸಂಶೋಧನ ಕೇಂದ್ರ. ಇಪ್ಪತ್ತು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಭುಗಿಲೆದ್ದ ಗ್ಯಾಮಾ ಕಿರಣಗಳನ್ನು ಅದು ಆಗಲೇ ಗುರುತಿಸಿದೆಯೆಂದು ತಿಳಿಯಿತು. ಇಲ್ಲಿ ನನಗೊಂದು ಸಂದೇಹ ಬಂದಿತು. ಗ್ಯಾಮಾ ಕಿರಣಗಳು ನೆಲಕ್ಕೆ ಮುಟ್ಟುವುದಿಲ್ಲ. ನಮ್ಮ ವಾಯುಮಂಡಲವೇ ಅವುಗಳನ್ನು ಮೇಲೆ ತಡೆದುಬಿಡುತ್ತದೆ. ಹಾಗಾದರೆ ನೆಲದ ಮೇಲೆ ಕನ್ನಡಿಯನ್ನು ನಿಲ್ಲಿಸಿ ಅವುಗಳನ್ನು ಹಿಡಿಯುವುದೆಂತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ದಾರಿ ನನ್ನನ್ನು ಮುಟ್ಟಿಸಿದುದು ೧೯೩೭ನೆಯ ಇಸವಿಯ ಕೇಂಬ್ರಿಜ್‌ಗೆ.

ಭಾಭಾ ಅವರು ೧೯೦೯ನೆಯ ಅಕ್ಟೋಬರ್ ೩೦ರಂದು ಮುಂಬಯಿಯ ಒಂದು ಸುಸಂಸ್ಕೃತ ಪಾರಸಿ ಮನೆತನದಲ್ಲಿ ಜನಿಸಿದರು. ನಮ್ಮ ನಾಡಿಗೂ ಆ ಮನೆತನಕ್ಕೂ ನಂಟಿತ್ತು. ಅವರ ತಾತ ಹೊರ್ಮುಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಅವರು ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ನ್ಯಾಯವಾದಿಗಳಾದರು. ಸೋದರತ್ತೆ ಮೆಹರ್‌ಬಾಯಿಯವರು ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಮನೆಯಲ್ಲಿ ಪುಸ್ತಕಗಳ ರಾಶಿ, ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳು, ಚಿತ್ರಕಲೆಯ ಅಭ್ಯಾಸ. ಹುಡುಗನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಇದನ್ನು ಮುಚ್ಚಿಟ್ಟು ಮಹಾಪುರುಷರ ಜೀವನ ಬರೆಯುವುದು ಸರಿಯಲ್ಲವೆಂದು ನನ್ನ ಭಾವನೆ. ಬಡತನದಿಂದ ಮೇಲೆ ಬಂದವರ ಕಥೆ ಇದಲ್ಲ.

೧೯೨೭ರಲ್ಲಿ ಅವರು ಕೇಂಬ್ರಿಜ್‌ಗೆ ಹೋದುದು ಯಂತ್ರಶಿಲ್ಪ ಓದುವುದಕ್ಕಾಗಿ. ಓದು ಮುಗಿಸಿ ಬಂದು ಜಂಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಹೊಣೆ ಹೊರಬೇಕೆಂಬುದು ತಂದೆಯವರ ಮತ್ತು ದೊರಾಬ್‌ಜಿಯವರ ಅಪೇಕ್ಷೆ. ಆದರೆ ಆ ಕಾಲದ ಕೇಂಬ್ರಿಜ್‌ನಲ್ಲಿ ಡಿರಾಕ್ ಅವರು ಪಾಠ ಹೇಳುತ್ತಿದ್ದರು. ಪರಮಾಣುವಿನ ಒಳಗನ್ನು ಕುರಿತ ಹೊಸ ಭೌತವಿಜ್ಞಾನ ದಿನಕ್ಕೊಂದು ಬಾಗಿಲು ತೆರೆಯುತ್ತಿದ್ದಿತು. ಒಂದು ವರ್ಷ ಕಳೆಯುವುದರೊಳಗೆ ತರುಣನ ಮನಸ್ಸು ಅತ್ತ ತಿರುಗಿತು. ಯಂತ್ರಗಳ ಕೆಲಸ ತನ್ನ ಸ್ವಭಾವಕ್ಕೆ ಒಗ್ಗದು, ಭೌತವಿಜ್ಞಾನವೇ ತನ್ನ ದಾರಿಯೆಂದು ಅವರು ತಂದೆಗೆ ಕಾಗದ ಬರೆದರು. ತಂದೆ ಸಿಟ್ಟಾಗಲಿಲ್ಲ, ಒಂದು ಕರಾರು ಹಾಕಿದರು. ಮೊದಲು ಯಂತ್ರಶಿಲ್ಪದ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬರಲಿ. ಬಂದರೆ ಗಣಿತ ಓದಲು ಇನ್ನೂ ಎರಡು ವರ್ಷದ ಖರ್ಚು ಕೊಡುವೆನೆಂದರು. ಮಗ ೧೯೩೦ರಲ್ಲಿ ಯಂತ್ರಶಿಲ್ಪದಲ್ಲಿಯೂ, ೧೯೩೨ರಲ್ಲಿ ಗಣಿತದಲ್ಲಿಯೂ ಪ್ರಥಮ ದರ್ಜೆ ಪಡೆದು ಮಾತು ಉಳಿಸಿಕೊಂಡರು. ೧೯೩೫ರಲ್ಲಿ ಡಾಕ್ಟರೇಟ್ ಪದವಿಯೂ ದೊರೆಯಿತು. ಎಲೆಕ್ಟ್ರಾನು ಮತ್ತು ಅದರ ಪ್ರತಿರೂಪವಾದ ಪಾಸಿಟ್ರಾನುಗಳು ಒಂದನ್ನೊಂದು ಸಂಧಿಸಿ ಚೆದುರುವ ಬಗೆಯನ್ನು ಕುರಿತು ಅವರು ಆಗ ಮಾಡಿದ ಲೆಕ್ಕಕ್ಕೆ ಇಂದಿಗೂ ಭಾಭಾ ಅವರ ಹೆಸರೇ ಇದೆ.

ಆ ದಿನಗಳಲ್ಲಿ ವಿಜ್ಞಾನಿಗಳನ್ನು ಕಾಡುತ್ತಿದ್ದ ಸಮಸ್ಯೆಗಳಲ್ಲಿ ವಿಶ್ವಕಿರಣಗಳದು ಒಂದು. ೧೯೧೨ರಲ್ಲಿ ಆಸ್ಟ್ರಿಯದ ವಿಕ್ಟರ್ ಹೆಸ್ ಅವರು ಬಲೂನಿನಲ್ಲಿ ಮೇಲೇರಿ, ಹೊರಗಿನ ಆಕಾಶದಿಂದ ಭೂಮಿಯ ಮೇಲೆ ಎಡೆಬಿಡದೆ ಕಿರಣಗಳು ಬೀಳುತ್ತಿವೆಯೆಂದು ತೋರಿಸಿಕೊಟ್ಟಿದ್ದರು. ಈ ಕಿರಣಗಳು ಒಂದೊಂದಾಗಿ ಬರುವುದಲ್ಲದೆ, ಒಮ್ಮೊಮ್ಮೆ ಹತ್ತಾರು, ನೂರಾರು ಕಣಗಳು ಒಂದೇ ಕ್ಷಣದಲ್ಲಿ ಮಳೆಯಂತೆ ಉಪಕರಣಗಳ ಮೇಲೆ ಸುರಿಯುತ್ತಿದ್ದವು. ಇದಕ್ಕೆ ಕಾರಣವೇನು? ಒಂದೇ ಹೊಡೆತಕ್ಕೆ ಅಷ್ಟೂ ಕಣಗಳು ಹುಟ್ಟುವುವೋ, ಇಲ್ಲವೆ ಒಂದರಿಂದೊಂದು ಹುಟ್ಟುತ್ತಾ ಬರುವುವೋ?

ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದು ನೆಲಸಿದ್ದ ವಾಲ್ಟರ್ ಹೈಟ್ಲರ್ ಅವರೊಡನೆ ಸೇರಿ ಭಾಭಾ ಅವರು ಇದಕ್ಕೆ ಉತ್ತರ ಹುಡುಕಿದರು. ಉತ್ತರವು ೧೯೩೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಆಪನ್‌ಹೈಮರ್ ಅವರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರೆಂಬುದನ್ನೂ ಹೇಳಬೇಕು.

ಅವರ ಲೆಕ್ಕದ ಸಾರವನ್ನು ನಾನು ತಿಳಿದಂತೆ ಹೇಳುತ್ತೇನೆ. ಬಹು ಶಕ್ತಿಯುಳ್ಳ ಒಂದು ಗ್ಯಾಮಾ ಕಿರಣವು ಗಾಳಿಯ ಪರಮಾಣುವಿನ ನಡುಬೀಜದ ಬಳಿ ಹಾಯುವಾಗ ತಾನು ಅಳಿದು, ತನ್ನ ಎಡೆಯಲ್ಲಿ ಒಂದು ಎಲೆಕ್ಟ್ರಾನು ಮತ್ತು ಒಂದು ಪಾಸಿಟ್ರಾನು ಹೀಗೆ ಎರಡನ್ನು ಹುಟ್ಟಿಸುತ್ತದೆ. ಇವೆರಡೂ ಮುಂದೆ ಬೇರೆ ಪರಮಾಣುಗಳ ಬಳಿ ಹಾಯುವಾಗ ದಾರಿ ಬಾಗಿ, ಒಂದೊಂದು ಹೊಸ ಗ್ಯಾಮಾ ಕಿರಣವನ್ನು ಹೊಮ್ಮಿಸುತ್ತವೆ. ಆ ಹೊಸ ಕಿರಣಗಳು ಮತ್ತೆ ಜೋಡಿಗಳನ್ನು ಹಡೆಯುತ್ತವೆ. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಚದುರಂಗದ ಮನೆಗಳಲ್ಲಿ ಒಂದಕ್ಕೆ ಎರಡರಂತೆ ಕಾಳು ಇಡುತ್ತಾ ಹೋದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹತ್ತು ಸಲ ಇಮ್ಮಡಿಸಿದರೆ ಒಂದು ಸಾವಿರವನ್ನು ಮೀರುತ್ತದೆ.

ಆದರೆ ಈ ವೃದ್ಧಿ ಕೊನೆಯಿಲ್ಲದೆ ನಡೆಯಲಾರದು. ನಮ್ಮ ಹಳ್ಳಿಗಳಲ್ಲಿ ಪಿತ್ರಾರ್ಜಿತ ಹೊಲ ಪಾಲಾಗುವುದನ್ನು ನೆನೆದರೆ ಇದು ಸುಲಭವಾಗಿ ಹೊಳೆಯುತ್ತದೆ. ತಾತನಿಗಿದ್ದ ಹದಿನಾರು ಎಕರೆ ಇಬ್ಬರು ಮಕ್ಕಳಿಗೆ ಎಂಟೆಂಟು, ಮೊಮ್ಮಕ್ಕಳಿಗೆ ನಾಲ್ಕು ನಾಲ್ಕು ಎಕರೆಯಾಗುತ್ತದೆ. ಪಾಲುಗಾರರ ಸಂಖ್ಯೆ ಏರಿದಂತೆ ಪಾಲು ಇಳಿಯುತ್ತದೆ. ಕೊನೆಗೆ ಒಂದು ಜೊತೆ ಎತ್ತು ತಿರುಗಿಸಲೂ ಎಡೆಯಿಲ್ಲದ ತುಂಡು ಉಳಿದಾಗ, ಅದರ ಮೇಲೆ ಇನ್ನೊಂದು ಸಂಸಾರ ಬದುಕಲಾರದು. ಕಿರಣಗಳ ಸಂಸಾರವೂ ಹಾಗೆಯೇ. ಮೂಲ ಕಿರಣದ ಶಕ್ತಿಯನ್ನೇ ಎಲ್ಲ ಕಣಗಳೂ ಹಂಚಿಕೊಳ್ಳಬೇಕು. ಒಂದೊಂದರ ಪಾಲಿನ ಶಕ್ತಿ ಒಂದು ಮಿತಿಗಿಂತ ಕೆಳಗಿಳಿದಾಗ ಹೊಸ ಹುಟ್ಟು ನಿಲ್ಲುತ್ತದೆ. ವೃಷ್ಟಿ ಗಾಳಿಯಲ್ಲಿಯೇ ಇಂಗಿಹೋಗುತ್ತದೆ. ಎಷ್ಟು ಆಳದಲ್ಲಿ ಎಷ್ಟು ಕಣಗಳಿರುವುವು, ಎಲ್ಲಿ ವೃಷ್ಟಿ ತುಂಬಿ ಬರುವುದು, ಎಲ್ಲಿ ಬತ್ತುವುದು ಎಂಬುದನ್ನೆಲ್ಲ ಈ ಇಬ್ಬರು ಗಣಿತದಿಂದ ಕಂಡುಕೊಟ್ಟರು. ಮುಖ್ಯವಾದ ಮಾತೆಂದರೆ, ಕೆಳಗಿನ ಮಳೆಯನ್ನು ಅಳೆದು ಮೇಲಿನ ಮೂಲ ಕಿರಣದ ಶಕ್ತಿಯನ್ನು ಹೇಳುವುದು ಇದರಿಂದ ಸಾಧ್ಯವಾಯಿತು.

೧೯೩೯ರ ಬೇಸಗೆಯಲ್ಲಿ ಭಾಭಾ ಅವರು ರಜಕ್ಕೆಂದು ಊರಿಗೆ ಬಂದರು. ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಯುದ್ಧ ಸಿಡಿಯಿತು. ಹಿಂತಿರುಗುವ ದಾರಿ ಮುಚ್ಚಿತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೀಡರ್ ಆಗಿ ಸೇರಿದರು. ಟಾಟಾ ಅವರ ದಾನ ಮತ್ತು ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯಿಂದ ಆ ಮಂದಿರ ಸ್ಥಾಪನೆಯಾದುದು ೧೯೦೯ರಲ್ಲಿ, ಅಂದರೆ ಭಾಭಾ ಅವರು ಹುಟ್ಟಿದ ವರ್ಷದಲ್ಲಿಯೇ. ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ಸರ್ ಸಿ. ವಿ. ರಾಮನ್. ದೊರಾಬ್‌ಜಿ ಟಾಟಾ ದತ್ತಿಯ ಧನಸಹಾಯದಿಂದ ವಿಶ್ವಕಿರಣಗಳ ಸಂಶೋಧನೆಗೆ ಒಂದು ಪ್ರತ್ಯೇಕ ಘಟಕ ಏರ್ಪಟ್ಟಿತು. ಕಾಗದ ಪೆನ್ಸಿಲ್ಲಿನ ಗಣಿತಜ್ಞ ಈಗ ಉಪಕರಣಗಳನ್ನು ಕಟ್ಟಿಸಿ, ವಿಮಾನಗಳಲ್ಲಿ ಏರಿಸಿ, ಬೆಂಗಳೂರಿನ ಆಕಾಶದಲ್ಲಿ ವಿಶ್ವಕಿರಣಗಳನ್ನು ಅಳೆಯಿಸಿದರು. ೧೯೪೧ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಬಂದಿತು. ಮುಂದೆ ಜಗತ್ಪ್ರಸಿದ್ಧ ಗಣಿತಜ್ಞರಾದ ಹರೀಶ್‌ಚಂದ್ರ ಅವರು ಅಲ್ಲಿಯೇ ಅವರ ಶಿಷ್ಯರಾಗಿ ಕೆಲಸ ಮಾಡಿದರು.

ಈ ಬೆಂಗಳೂರಿನ ವರ್ಷಗಳೇ ಅವರ ಜೀವನದ ತಿರುವು ಎಂದು ನನಗೆ ತೋರುತ್ತದೆ. ಬಂದಾಗ ಅವರ ಮನಸ್ಸು ಇನ್ನೂ ಕೇಂಬ್ರಿಜ್‌ನಲ್ಲಿಯೇ ಇದ್ದಿತು. ಯುದ್ಧ ಮುಗಿದೊಡನೆ ಮರಳಿ ಹೋಗುವ ಯೋಚನೆಯಿತ್ತು. ಆದರೆ ಐದು ವರ್ಷ ಇಲ್ಲಿ ಕಳೆಯುವುದರೊಳಗೆ ಅವರ ವಿಚಾರ ಬದಲಾಯಿತು. ತಕ್ಕ ಆದರ ಮತ್ತು ಧನಸಹಾಯ ದೊರೆಯುವುದಾದರೆ ಸ್ವದೇಶದಲ್ಲಿಯೇ ನಿಂತು, ಹೊರಗಿನವುಗಳಿಗೆ ಸಮನಾದ ಸಂಶೋಧನಾಲಯಗಳನ್ನು ಇಲ್ಲಿ ಕಟ್ಟುವುದು ತಮ್ಮ ಕರ್ತವ್ಯವೆಂದು ಅವರಿಗೆ ಅನ್ನಿಸಿತು. ೧೯೪೪ರ ಮಾರ್ಚಿಯಲ್ಲಿ ಅವರು ಟಾಟಾ ದತ್ತಿಗೆ ಈ ಅಭಿಪ್ರಾಯದ ಕಾಗದ ಬರೆದರು. ಅದರ ಫಲವಾಗಿ ೧೯೪೫ರ ಜೂನ್ ೧ರಂದು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಬೆಂಗಳೂರಿನ ವಿಜ್ಞಾನ ಮಂದಿರದ ಆವರಣದಲ್ಲಿಯೇ ಕೆಲಸ ಆರಂಭಿಸಿತು. ಅದೇ ವರ್ಷದ ಕೊನೆಯಲ್ಲಿ ಅದು ಮುಂಬಯಿಗೆ ಹೋಯಿತು. ಹಿರಿಯ ಸಂಸ್ಥೆಯೊಂದು ಬೆಂಗಳೂರಿನಲ್ಲಿ ಹುಟ್ಟಿ ಆರು ತಿಂಗಳಲ್ಲಿ ನಮ್ಮ ಕೈಬಿಟ್ಟಿತಲ್ಲ ಎಂದು ಅಭಿಮಾನದಿಂದ ಕೊರಗಬಹುದು. ಆದರೆ ಅದರ ಕೆಲಸ ಮತ್ತೆ ನಮ್ಮ ನಾಡಿಗೆ, ಅದೂ ಕೋಲಾರದ ಚಿನ್ನದ ಗಣಿಗೆ ಬಂದಿತು.

ವಿಶ್ವಕಿರಣಗಳಲ್ಲಿ ಕೆಲವು ಕಣಗಳು ಸೀಸದ ದಪ್ಪ ಹಲಗೆಯನ್ನೂ ಬಂಡೆಯನ್ನೂ ತೂರಿಹೋಗುತ್ತವೆ. ಇವು ಎಷ್ಟು ಆಳಕ್ಕೆ ಇಳಿಯುತ್ತವೆಂದು ಅಳೆಯುವುದಕ್ಕೆ ಕೋಲಾರದ ಗಣಿಗಳಿಗಿಂತ ಒಳ್ಳೆಯ ಸ್ಥಳ ಎಲ್ಲಿ ದೊರೆಯಬೇಕು? ಭಾಭಾ ಅವರ ಸೂಚನೆಯಂತೆ ೧೯೫೦ರ ದಶಕದ ಆರಂಭದಲ್ಲಿ ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ ಅವರು ಉಪಕರಣಗಳೊಡನೆ ಗಣಿಗೆ ಇಳಿದರು. ೧೯೬೫ರಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣದ ಗುರುತು ಅಲ್ಲಿ ಸಿಕ್ಕಿತು. ಚಿನ್ನಕ್ಕಾಗಿ ತೋಡಿದ ಆ ಗಣಿ ೨೦೦೧ರಲ್ಲಿ ಮುಚ್ಚಿತು. ವಿಜ್ಞಾನಕ್ಕೆ ಅದು ಕೊಟ್ಟುದು ಉಳಿದಿದೆ.

ಸ್ವಾತಂತ್ರ್ಯಾನಂತರದ ಕಥೆ ಎಲ್ಲರಿಗೂ ತಿಳಿದುದು. ೧೯೪೮ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷತೆ, ೧೯೫೫ರಲ್ಲಿ ಜಿನೀವದ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ, ೧೯೫೬ರ ಆಗಸ್ಟ್ ೪ರಂದು ಅಪ್ಸರಾ ಎಂಬ ಮೊದಲ ಅಣುಸ್ಥಾವರದ ಚಾಲನೆ. ಇಷ್ಟರ ನಡುವೆಯೂ ಅವರು ಚಿತ್ರ ಬರೆಯುವುದನ್ನು ಬಿಡಲಿಲ್ಲ. ಸಂಸ್ಥೆಗಾಗಿ ನಮ್ಮ ದೇಶದ ಚಿತ್ರಕಾರರ ಕೃತಿಗಳನ್ನು ಕೊಂಡರು. ಕಟ್ಟಡಕ್ಕೆ ಅಡ್ಡ ಬಂದ ಮರಗಳನ್ನು ಕಡಿಯಬಿಡದೆ ಬೇರುಸಹಿತ ಬೇರೆಡೆಗೆ ಸಾಗಿಸಿದರು. ಅವರ ದಾರಿಯನ್ನು ಒಪ್ಪದವರೂ ಇದ್ದರು. ಸಂಶೋಧನೆಯನ್ನು ವಿಶ್ವವಿದ್ಯಾನಿಲಯಗಳಿಂದ ಬೇರ್ಪಡಿಸಬಾರದೆಂದು ಮೇಘನಾದ ಸಾಹಾ ಅವರಂಥ ಹಿರಿಯ ವಿಜ್ಞಾನಿಗಳು ವಾದಿಸಿದರು. ದೊಡ್ಡ ಸಂಸ್ಥೆಗಳ ಹೆಸರುಗಳನ್ನು ದೂರದಿಂದ ಓದುವ ನಮ್ಮಂಥ ಕಾಲೇಜಿನವರಿಗೆ ಆ ವಾದದಲ್ಲಿ ಹುರುಳಿಲ್ಲವೆಂದು ಹೇಳುವುದು ಕಷ್ಟ.

೧೯೬೬ನೆಯ ಜನವರಿ ೨೪ರಂದು ಅವರು ಪ್ರಯಾಣ ಮಾಡುತ್ತಿದ್ದ ‘ಕಾಂಚನಜಂಗಾ’ ಎಂಬ ವಿಮಾನವು ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿದು, ಅದರಲ್ಲಿದ್ದ ೧೧೭ ಮಂದಿಯೂ ಮಡಿದರು. ಭಾಭಾ ಅವರಿಗೆ ಆಗ ಐವತ್ತಾರು ವರ್ಷ. ಅವಿವಾಹಿತರಾಗಿಯೇ ಇದ್ದರು.

ಇನ್ನು ನಾನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ೧೯೩೭ರ ಲೆಕ್ಕದ ವೃಷ್ಟಿ ನೆಲವನ್ನು ಮುಟ್ಟದೆ ಗಾಳಿಯಲ್ಲಿಯೇ ಇಂಗಿದರೂ ಒಂದು ಗುರುತನ್ನು ಬಿಟ್ಟುಹೋಗುತ್ತದೆ. ಗಾಳಿಯಲ್ಲಿ ಬೆಳಕು ಚಲಿಸುವುದಕ್ಕಿಂತ ಬೇಗನೆ ಚಲಿಸುವ ವಿದ್ಯುತ್ಕಣಗಳು ನೀಲಿ ಬೆಳಕನ್ನು ಚೆಲ್ಲುತ್ತವೆ. ಇಂಥ ಬೆಳಕನ್ನು ರಷ್ಯದ ಚೆರೆಂಕೋವ್ ಅವರು ೧೯೩೪ರಲ್ಲಿ ದ್ರವಗಳಲ್ಲಿ ಕಂಡಿದ್ದರು. ೧೯೫೩ರಲ್ಲಿ ಇಂಗ್ಲೆಂಡಿನಲ್ಲಿ ಅದು ರಾತ್ರಿಯ ಆಕಾಶದಲ್ಲಿಯೂ ಕಂಡುಬಂದಿತು. ಸೆಕೆಂಡಿನ ಕೋಟಿಯ ಒಂದು ಪಾಲಿಗಿಂತ ಕಡಿಮೆ ಹೊತ್ತು ಮಿನುಗುವ ಆ ಬೆಳಕು ನೆಲದ ಮೇಲೆ ಇನ್ನೂರು ಮೀಟರಿಗೂ ಹೆಚ್ಚು ಅಗಲಕ್ಕೆ ಹರಡುತ್ತದೆ. ದೊಡ್ಡ ಕನ್ನಡಿಯಿಂದ ಅದನ್ನು ಹಿಡಿದು, ಭಾಭಾ ಮತ್ತು ಹೈಟ್ಲರ್ ಅವರ ಲೆಕ್ಕದ ಜಾಡಿನಲ್ಲಿ ಹಿಂದಕ್ಕೆ ನಡೆದರೆ, ಮೂಲ ಗ್ಯಾಮಾ ಕಿರಣದ ಶಕ್ತಿಯೂ ದಿಕ್ಕೂ ತಿಳಿಯುತ್ತವೆ. ಹಾನ್ಲೆಯ ಕನ್ನಡಿ ನೋಡುವುದು ಗ್ಯಾಮಾ ಕಿರಣವನ್ನಲ್ಲ, ಅದು ಸಾಯುವಾಗ ಹೊಮ್ಮಿದ ಬೆಳಕನ್ನು.

ಈ ಕ್ರಮದಿಂದ ೧೯೮೯ರಲ್ಲಿ ಅಮೆರಿಕದ ಅರಿಜೋನದಲ್ಲಿ ಏಡಿ ನೀಹಾರಿಕೆಯ ಕಿರಣಗಳು ಖಚಿತವಾಗಿ ಸಿಕ್ಕಿದವು. ೧೯೯೨ರಲ್ಲಿ ಅದೇ ದೂರದರ್ಶಕಕ್ಕೆ ಮಾರ್ಕೇರಿಯನ್ ೪೨೧ ಎಂಬ ಗೆಲಕ್ಸಿ ಕಂಡಿತು. ಗೆಲಕ್ಸಿಯೆಂದರೆ ನಮ್ಮ ಆಕಾಶಗಂಗೆಯಂಥ ನಕ್ಷತ್ರಗಳ ಮಹಾಸಮೂಹ. ಇದು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಸುಮಾರು ನಲವತ್ತು ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಂಥ ಗೆಲಕ್ಸಿಗಳ ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಒಂದು ಕಪ್ಪುಕುಳಿಯಿರುತ್ತದೆ. ಅದರೊಳಕ್ಕೆ ಬೀಳುವ ದ್ರವ್ಯದ ಶಕ್ತಿಯಲ್ಲಿ ಒಂದು ಪಾಲು, ಹೆಚ್ಚುಕಡಮೆ ಬೆಳಕಿನ ವೇಗದಲ್ಲಿ ಎರಡು ಕಡೆಗೆ ಚಿಮ್ಮುವ ಧಾರೆಗಳಾಗುತ್ತದೆ. ಆ ಧಾರೆ ನೇರವಾಗಿ ನಮ್ಮತ್ತ ತಿರುಗಿದ್ದರೆ ಆ ಗೆಲಕ್ಸಿಯನ್ನು ಬ್ಲೇಜಾರ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಬೆಳಕಿಗಿಂತ ಲಕ್ಷ ಕೋಟಿಯ ಆಸುಪಾಸಿನಷ್ಟು ಹೆಚ್ಚು ಶಕ್ತಿಯ ಕಿರಣಗಳು ಅಲ್ಲಿಂದ ಬರುತ್ತವೆ.

ಆಶ್ಚರ್ಯವೆಂದರೆ ಅವು ಒಂದೇ ಸಮನೆ ಬರುವುದಿಲ್ಲ. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ತಗುಲಿದಂತೆ ಒಮ್ಮೆಗೇ ಭುಗಿಲೇಳುತ್ತವೆ. ೧೯೯೬ರ ಮೇ ತಿಂಗಳಿನಲ್ಲಿ ಮಾರ್ಕೇರಿಯನ್ ೪೨೧ರ ಒಂದು ಭುಗಿಲು ಅರ್ಧ ಗಂಟೆಯಲ್ಲಿ ಎದ್ದು ಅಡಗಿತು. ೨೦೦೬ರ ಜುಲೈ ೨೮ರಂದು ನಮೀಬಿಯದ ದೂರದರ್ಶಕಗಳು ಕಂಡ ಇನ್ನೊಂದು ಬ್ಲೇಜಾರಿನ ಕಾಂತಿ ಕೆಲವೇ ನಿಮಿಷಗಳಲ್ಲಿ ಇಮ್ಮಡಿಸಿತು. ಬೆಳಕು ಸೂರ್ಯನಿಂದ ಗುರುಗ್ರಹಕ್ಕೆ ಮುಟ್ಟಲು ೪೩ ನಿಮಿಷ ಬೇಕು. ಯಾವ ವಸ್ತುವೇ ಆಗಲಿ, ತನ್ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆಳಕು ಹಾಯುವುದಕ್ಕಿಂತ ಬೇಗನೆ ಒಟ್ಟಾಗಿ ಬದಲಾಗಲಾರದು. ಧಾರೆ ನಮ್ಮತ್ತ ಧಾವಿಸುವುದರಿಂದ ಈ ಅಳತೆಯನ್ನು ಹತ್ತಾರು ಪಾಲು ಹಿಗ್ಗಿಸಬೇಕಾದರೂ, ಆ ಮಹಾಗೆಲಕ್ಸಿಯ ಮುಂದೆ ಭುಗಿಲೆದ್ದ ಎಡೆ ಒಂದು ಚುಕ್ಕೆಯಷ್ಟೇ ಆಯಿತು. ಅಷ್ಟು ಕಿರಿದಾದ ಎಡೆಯಲ್ಲಿ ಅಷ್ಟು ಶಕ್ತಿ ಹೇಗೆ ಕೂಡಿಬರುತ್ತದೆಂಬುದು ಇನ್ನೂ ಪೂರ್ತಿ ಬಗೆಹರಿಯದ ಒಗಟು.

ಈ ಕಾರ್ಯದಲ್ಲಿ ನಮ್ಮವರೂ ಹಿಂದೆ ಬೀಳಲಿಲ್ಲ. ಭಾಭಾ ಅವರು ಕಟ್ಟಿದ ಸಂಸ್ಥೆಯ ವಿಜ್ಞಾನಿಗಳು ೧೯೬೦ರ ದಶಕದ ಕೊನೆಯಲ್ಲಿಯೇ ನೀಲಗಿರಿಯ ಊಟಿಯಲ್ಲಿ ಕನ್ನಡಿಗಳನ್ನಿಟ್ಟು ಈ ಬೆಳಕನ್ನು ಹುಡುಕತೊಡಗಿದ್ದರು. ಮುಂದೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೊಡನೆ ಸೇರಿ ಹಾನ್ಲೆಯಲ್ಲಿ ಏಳು ದೂರದರ್ಶಕಗಳ ‘ಹಗಾರ್’ ಎಂಬ ವ್ಯೂಹವನ್ನು ಕಟ್ಟಿದರು. ೨೦೧೦ರ ಫೆಬ್ರವರಿಯಲ್ಲಿ ಮಾರ್ಕೇರಿಯನ್ ೪೨೧ ಬಹು ದೊಡ್ಡದಾಗಿ ಭುಗಿಲೆದ್ದಾಗ ಹಗಾರ್ ಅದನ್ನು ಕಂಡಿತು. ಮೇಸ್ ಈ ಸಾಲಿನಲ್ಲಿ ಈಚಿನದು.

ಭಾಭಾ ಅವರು ಇದಾವುದನ್ನೂ ಕಾಣಲಿಲ್ಲ. ಬ್ಲೇಜಾರ್ ಎಂಬ ಮಾತು ಹುಟ್ಟಿದುದೇ ಅವರು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ. ಅವರು ಲೆಕ್ಕ ಮಾಡಿದಾಗ ಇದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಿದ್ದರೆ, ತಿಳಿಯಬೇಕೆಂಬ ಆಸೆಯ ಹೊರತು ಬೇರೆ ಉತ್ತರ ಅವರಲ್ಲಿ ಇರುತ್ತಿರಲಿಲ್ಲವೆಂದು ನನ್ನ ಊಹೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ರಜಕ್ಕೆ ಊರಿಗೆ ಹೋದಾಗಲೆಲ್ಲ ನಮ್ಮಪ್ಪ, ಈ ಓದಿನಿಂದ ಮುಂದೇನಾಗುತ್ತದೆಂದು ಕೇಳುವುದುಂಟು. ಅವರು ಕೇಳುವುದರಲ್ಲಿ ತಪ್ಪಿಲ್ಲ. ಭಾಭಾ ಅವರ ತಂದೆಯಂತೆ ಎರಡು ವರ್ಷದ ಖರ್ಚನ್ನು ಹೆಚ್ಚಿಗೆ ಕೊಡಲು ಅವರಲ್ಲಿ ಹಣವಿಲ್ಲ. ಆದ್ದರಿಂದ ಮಹಾಪುರುಷರಂತೆ ನಾವೂ ಆಗೋಣವೆಂದು ಬರೆದು ಲೇಖನ ಮುಗಿಸಲು ನನಗೆ ಧೈರ್ಯ ಸಾಲದು. ಆದರೆ ಎಲ್ಲ ಅನುಕೂಲವೂ ಇದ್ದ ಒಬ್ಬ ತರುಣನು ಆ ಅನುಕೂಲವನ್ನು ಸುಖಕ್ಕೆ ಬಳಸದೆ ತಿಳಿವಿಗೆ ಬಳಸಿದನು. ಹೊರದೇಶಕ್ಕೆ ಮರಳುವ ದಾರಿ ತೆರೆದಾಗಲೂ ಇಲ್ಲಿಯೇ ನಿಂತು, ಮುಂದಿನವರಿಗೆ ಎಡೆಮಾಡಿ ಹೋದನು. ಹಾಗೆ ಎಡೆಯಾದುದರಿಂದಲೇ ನಂಜನಗೂಡಿನಲ್ಲಿ ಹುಟ್ಟಿದವರೊಬ್ಬರು ವಿಶ್ವಕಿರಣವನ್ನು ಅರಸಿ ಕೋಲಾರದ ಗಣಿಗೆ ಇಳಿದುದು.

ಈ ಸಲ ಊರಿಗೆ ಹೋದಾಗ, ನಮ್ಮ ಹೊಲದ ಬದುವಿನ ಮೇಲೆ ನಿಂತು ಅಪ್ಪನಿಗೆ ಸಪ್ತರ್ಷಿ ಮಂಡಲವನ್ನು ತೋರಿಸಿದೆ. ಆ ದಿಕ್ಕಿನಲ್ಲಿ ಕಣ್ಣಿಗೆ ಕಾಣದ ಒಂದು ಬೆಂಕಿ ಆಗಾಗ್ಗೆ ಭುಗಿಲೇಳುತ್ತದೆಂದೂ, ಅದರ ಕಿರಣ ಗಾಳಿಯಲ್ಲಿ ಪಾಲಾಗುವ ಲೆಕ್ಕವನ್ನು ನಮ್ಮ ದೇಶದವರೊಬ್ಬರು ಬರೆದರೆಂದೂ ಹೇಳಿದೆ. ಹೊಲ ಪಾಲಾಗುವ ಹೋಲಿಕೆ ಅವರಿಗೆ ಒಡನೆಯೇ ತಿಳಿಯಿತು. ಅಷ್ಟು ದೂರದ ಬೆಂಕಿ ಆರಿಹೋಗಿ ಎಷ್ಟು ಕಾಲವಾಯಿತೆಂದು ಕೇಳಿದರು. ನಲವತ್ತು ಕೋಟಿ ವರ್ಷವೆಂದೆ. ಓದಿನಿಂದ ಮುಂದೇನೆಂಬ ಪ್ರಶ್ನೆಯನ್ನು ಅಂದು ಅವರು ಕೇಳಲಿಲ್ಲ.